ಗುಣವಾದ ಮೇಲೂ ಮಾತ್ರೆ ಏಕೆ?

ಆ ತಾಯಿ ಚೀಲದಿಂದ ಮೊದಲು ತೆಗೆದು ನನ್ನ ಮೇಜಿನ ಮೇಲಿಟ್ಟದ್ದು ಮಗನ ನೋಟ್‌ಪುಸ್ತಕಗಳನ್ನು. ಎಂಟನೆಯ ತರಗತಿಯದರಲ್ಲಿ ಮುತ್ತಿನಂಥ ಅಕ್ಷರ. ಹತ್ತನೆಯದರಲ್ಲಿ ಒತ್ತಕ್ಷರಗಳು ಗೆರೆ ಬಿಟ್ಟು ಜಾರಿದ್ದವು. ಪಿಯುಸಿಯದರಲ್ಲಿ ಬರೀ ಗೀಚು. “ಸೋಮಾರಿ ಎಂದು ಮೇಷ್ಟರು ಬೈದರು, ನಾವೂ ಹೊಡೆದೆವು ಡಾಕ್ಟರೇ” ಎಂದು ಅತ್ತರು.

ಅಷ್ಟರಲ್ಲಿ ಆರು ವರ್ಷ ಕಳೆದಿತ್ತು. ಕಾಮಾಲೆಗೆ ನಾಟಿ ಔಷಧ, ಮಾತು ತೊದಲಿದಾಗ ಹರಕೆ, ಸಿಟ್ಟು ಹೆಚ್ಚಿದಾಗ ಮನೋವೈದ್ಯರು. ಯಾರೂ ಹುಡುಗನ ಕಣ್ಣನ್ನು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನೋಡಿರಲಿಲ್ಲ. ಕರಿಗುಡ್ಡೆಯ ಅಂಚಿಗೆ ಕಂದುಹೊನ್ನಿನ ಬಳೆ ಕಟ್ಟಿತ್ತು. ರಕ್ತ ಮತ್ತು 24 ಗಂಟೆಯ ಮೂತ್ರದ ಪರೀಕ್ಷೆಗಳು ಖಚಿತಪಡಿಸಿದವು: ವಿಲ್ಸನ್ ಕಾಯಿಲೆ, ಅಂದರೆ ತಂದೆತಾಯಿಯಿಂದ ಬಂದ ಜೀನ್ ದೋಷದಿಂದ ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ರೋಗ.

1912ರಲ್ಲಿ ನರವೈದ್ಯ ಕಿನ್ನಿಯರ್ ವಿಲ್ಸನ್ ಇದನ್ನು ವಿವರಿಸಿದಾಗ ಇದು ಸಾವಿನಲ್ಲೇ ಮುಗಿಯುವ ರೋಗವಾಗಿತ್ತು. 1956ರಲ್ಲಿ ವೈದ್ಯ ಜಾನ್ ವಾಲ್ಶ್ ಪೆನಿಸಿಲಮೈನ್ ಎಂಬ ತಾಮ್ರ ಹೊರತೆಗೆಯುವ ಔಷಧ ಬಳಸಿ ಆ ಕಥೆ ಬದಲಿಸಿದರು. ನಮ್ಮ ಹುಡುಗನಿಗೂ ಅದನ್ನೇ ನಿಧಾನವಾಗಿ ಏರಿಸುತ್ತ ಕೊಟ್ಟೆವು. ಎರಡು ವರ್ಷದಲ್ಲಿ ಜೊಲ್ಲು ನಿಂತಿತು, ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೂ ಸೇರಿದ. ಆಮೇಲೆ ಸುದ್ದಿಯಿಲ್ಲ. ಎಂಟು ತಿಂಗಳ ನಂತರ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದ. ಮಾತ್ರೆ ಬಿಟ್ಟಿದ್ದ. “ಚೆನ್ನಾಗಿದ್ದನಲ್ಲ, ಇನ್ನೇಕೆ ಎಂದುಕೊಂಡೆವು.”

ಈ ಒಂದು ಮಾತನ್ನು ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ. ನಾವು ತಿನ್ನುವ ಬೇಳೆ, ಕಾಳು, ಗೋಡಂಬಿ ಎಲ್ಲದರಲ್ಲೂ ಅಷ್ಟಿಷ್ಟು ತಾಮ್ರವಿದೆ. ಹೆಚ್ಚಾದದ್ದನ್ನು ಯಕೃತ್ತು ಪಿತ್ತರಸದಲ್ಲಿ ಹೊರಹಾಕುತ್ತದೆ. ಎಟಿಪಿ7ಬಿ ಎಂಬ ಜೀನ್ ಕೆಟ್ಟವರಲ್ಲಿ ಈ ದಾರಿ ಮುಚ್ಚಿದೆ. ಬಚ್ಚಲ ತೂಬು ಕಟ್ಟಿದೆ, ನಲ್ಲಿ ಹರಿಯುತ್ತಲೇ ಇದೆ ಎಂದುಕೊಳ್ಳಿ. ಮಾತ್ರೆ ತೂಬನ್ನು ಬಿಡಿಸುವುದಿಲ್ಲ, ನಿಂತ ನೀರನ್ನು ಚೊಂಬಿನಲ್ಲಿ ಮೊಗೆದು ಚೆಲ್ಲುತ್ತದೆ. ನೆಲ ಒಣಗಿತೆಂದು ಮೊಗೆಯುವುದನ್ನು ನಿಲ್ಲಿಸಿದರೆ ನೀರು ಮತ್ತೆ ಏರುತ್ತದೆ, ಮೊದಲು ಯಕೃತ್ತಿಗೆ, ಆಮೇಲೆ ಮಿದುಳಿಗೆ. ಮಗ ಚೆನ್ನಾಗಿದ್ದದ್ದೇ ಮಾತ್ರೆಯಿಂದ. ಬಿಟ್ಟು ಕೆಲವು ತಿಂಗಳಲ್ಲೇ ಯಕೃತ್ತು ಕೈಕೊಟ್ಟವರಿದ್ದಾರೆ. ಹಾಗೆ ಕಳೆದುಕೊಂಡದ್ದು ಮತ್ತೆ ಶುರು ಮಾಡಿದರೆ ಮರಳುತ್ತದೆಂಬ ಭರವಸೆ ಕೊಡಲಾರೆ.

ಬಸುರಿಯಾದರೂ ತಾವಾಗಿ ನಿಲ್ಲಿಸಬಾರದು. ಪ್ರಮಾಣ ಇಳಿಸುವುದು, ಔಷಧ ಬದಲಿಸುವುದು ವೈದ್ಯರ ಲೆಕ್ಕ. ಪೆನಿಸಿಲಮೈನ್‌ಗೆ ಅಡ್ಡಪರಿಣಾಮಗಳೂ ಇವೆ, ರಕ್ತ, ಮೂತ್ರ ನೋಡುತ್ತಿರಲೇಬೇಕು. ತಾಮ್ರದ ಚೊಂಬಿನ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ನೆಂಟರು ಹೇಳಿದರೂ ಈ ಮನೆಯಲ್ಲಿ ಬೇಡ.

ಹುಡುಗ ಉಳಿದ, ಆದರೆ ಮೂರು ತಿಂಗಳು ಹಾಸಿಗೆ ಹಿಡಿದ. ಆಗಲೇ ತಂಗಿಯನ್ನೂ ಪರೀಕ್ಷಿಸಿದೆವು. ಅವರ ತಂದೆತಾಯಿಯದು ಸೋದರಿಕೆಯ ಮದುವೆ, ಆದರೆ ಸಂಬಂಧವಿಲ್ಲದ ದಂಪತಿಯ ಮಕ್ಕಳಲ್ಲೂ ಒಬ್ಬರಿಗಿದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಶೇ. 25ರಷ್ಟು ಸಾಧ್ಯತೆ ಇರುತ್ತದೆ. ಆಡಿಕೊಂಡಿದ್ದ ಹುಡುಗಿಗೂ ಇತ್ತು. ಈಗ ಅಣ್ಣತಂಗಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ಒಂದು ಗಂಟೆ ಕಾಯುತ್ತಾರೆ. ಅವರಿಬ್ಬರೇ ಕಾಯಬಾರದೆಂದು ಆ ತಾಯಿಯೂ ಅಲ್ಲಿಯವರೆಗೆ ಕಾಫಿ ಕುಡಿಯುವುದಿಲ್ಲವಂತೆ.