ಸುಟ್ಟ ಕಾಡಿಗೆ ಲೆಕ್ಕ ಹಾಕುವ ಕಾಣದ ಬೆಳಕು

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ, ಯಾವ್ಯಾವುದೋ ದೇಶದ ಸುಟ್ಟ ಪ್ರಾಣಿಗಳ ಫೋಟೊಗಳು ಬಂಡೀಪುರದವೆಂದೇ ಮೊಬೈಲುಗಳಲ್ಲಿ ಹರಿದಾಡಿದವು. ಬಿದಿರಿಗೆ ಬಿದಿರು ಉಜ್ಜಿ ಕಿಚ್ಚು ಹುಟ್ಟುತ್ತದೆ ಎಂಬ ಕಥೆಯಂತೂ ಪ್ರತಿ ಬೇಸಿಗೆಗೂ ಚಿಗುರುತ್ತದೆ. (ನಮ್ಮ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಹುಟ್ಟಿದ್ದು.) 10,000 ಎಕರೆಗೂ ಮಿಕ್ಕಿ ಸುಟ್ಟಿದೆ ಎಂಬ ನಂಬಬಹುದಾದ ಲೆಕ್ಕ ಸಿಕ್ಕಿದ್ದು ಉಪಗ್ರಹ ಚಿತ್ರಗಳಿಂದ.

ಕಪ್ಪಗೆ ಕಂಡದ್ದನ್ನೆಲ್ಲ ಅಳೆದರಾಯಿತಲ್ಲ ಎನ್ನಬೇಡಿ. ಮೋಡದ ನೆರಳೂ ಕಪ್ಪು, ಕೆರೆಯ ನೀರೂ ಕಪ್ಪು. ಬೂದಿಯೋ ಗಾಳಿಗೆ ಹಾರಿಹೋಗುತ್ತದೆ. ಆದ್ದರಿಂದ ಇಲ್ಲಿ ನೆಚ್ಚುವುದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು.

ಎಲೆಯ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ನುಂಗುತ್ತದೆ, ಕೆಂಪಿಗೆ ಸಮೀಪದ ಅವಕೆಂಪನ್ನು ಮುಟ್ಟುವುದೇ ಇಲ್ಲ. ಆ ಬೆಳಕು ಎಲೆಯೊಳಗೆ ಹೊಕ್ಕು, ಜೀವಕೋಶಗಳಿಗೂ ಅವುಗಳ ನಡುವಿನ ಗಾಳಿಗೂ ಡಿಕ್ಕಿ ಹೊಡೆದು ಚದುರಿ, ಅರ್ಧದಷ್ಟು ಹೊರಕ್ಕೇ ಮರಳುತ್ತದೆ. ಪಾರದರ್ಶಕವಾದ ಕಲ್ಲುಸಕ್ಕರೆಯನ್ನು ಕುಟ್ಟಿ ಪುಡಿ ಮಾಡಿದರೆ ಬೆಳ್ಳಗಾಗುವುದೂ ಹೀಗೆಯೇ: ಬೆಳಕು ಚದುರಲು ಸಾವಿರಾರು ಮೈಗಳು ಹುಟ್ಟಿಕೊಳ್ಳುತ್ತವೆ. 1910ರಲ್ಲೇ ಅಮೆರಿಕದ ರಾಬರ್ಟ್ ವುಡ್ ತೆಗೆದ ಅವಕೆಂಪು ಫೋಟೊಗಳಲ್ಲಿ ಮರಗಳು ಹಿಮ ಹೊದ್ದಂತೆ ಬೆಳ್ಳಗಿದ್ದವು. ಎರಡನೇ ಮಹಾಯುದ್ಧದಲ್ಲಿ ಇದೇ ಗುಣ ಬೇಹುಗಾರಿಕೆಗೂ ಒದಗಿತು. ಹಸಿರು ಬಣ್ಣ ಬಳಿದು ಮರೆಮಾಚಿದ ಟ್ಯಾಂಕು ಕಣ್ಣಿಗೆ ಪೊದೆಯಂತೆ ಕಂಡರೂ ಅವಕೆಂಪು ಫಿಲ್ಮಿನಲ್ಲಿ ಸಿಕ್ಕಿಬೀಳುತ್ತಿತ್ತು.

ಇನ್ನೂ ಉದ್ದನೆಯ ತರಂಗದ ಅವಕೆಂಪನ್ನು ಎಲೆಯಲ್ಲಿರುವ ನೀರು ಹೀರಿಕೊಳ್ಳುತ್ತದೆ. ಕಾಡು ಸುಟ್ಟಾಗ ಎಲೆಯೂ ಇಲ್ಲ, ನೀರೂ ಇಲ್ಲ. ಆಗ ಮೊದಲಿನ, ಅಂದರೆ ಸಮೀಪದ ಅವಕೆಂಪಿನ ಪ್ರತಿಫಲನ ಇಳಿಯುತ್ತದೆ, ಎರಡನೆಯ, ಉದ್ದ ತರಂಗದ್ದು ಏರುತ್ತದೆ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸುವುದೇ ಇಡೀ ಗುಟ್ಟು. ಉದಾಹರಣೆಗೆ, ಬೆಂಕಿಗೆ ಮೊದಲು ಎರಡೂ ಕ್ರಮವಾಗಿ ಶೇ 30 ಮತ್ತು ಶೇ 10ರಷ್ಟು ಪ್ರತಿಫಲಿಸುತ್ತಿದ್ದರೆ ಉತ್ತರ 0.5. ಸುಟ್ಟ ಮೇಲೆ ಶೇ 15 ಮತ್ತು ಶೇ 20 ಆದರೆ ಮೈನಸ್ 0.14. ಕುಸಿತ 0.64, ಅಂದರೆ ಗಾಯ ಜೋರಾಗಿಯೇ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ ಈ ಲೆಕ್ಕಕ್ಕೆ ಬೇಕಾದ ಚಿತ್ರಗಳನ್ನು 5 ದಿನಕ್ಕೊಮ್ಮೆ, 20 ಮೀಟರಿನ ಚೌಕಗಳಲ್ಲಿ ಪುಕ್ಕಟೆ ಕೊಡುತ್ತದೆ.

ಎಷ್ಟು ಕುಸಿದರೆ ಎಷ್ಟು ಹಾನಿ ಎಂಬ, ಎಲ್ಲರೂ ಬಳಸುವ ಪಟ್ಟಿ ರೂಪುಗೊಂಡಿದ್ದು ಅಮೆರಿಕದ ಕೋನಿಫರ್ (ಪೈನ್‌ನಂಥ ಸೂಜಿಯೆಲೆ ಮರಗಳ) ಕಾಡುಗಳಲ್ಲಿ ಕೆಲಸ ಮಾಡಿದ ಕಾರ್ಲ್ ಕೀ, ನೇಟ್ ಬೆನ್ಸನ್ ಅವರಿಂದ. ಅದನ್ನು ಕಣ್ಣುಮುಚ್ಚಿ ಬಂಡೀಪುರಕ್ಕೆ ತಂದು ಹಚ್ಚುವುದನ್ನು ಕಂಡರೆ ನನಗೆ ರೇಗುತ್ತದೆ. ಫೆಬ್ರುವರಿಯ ಹೊತ್ತಿಗೆ ಇಲ್ಲಿನ ತೇಗ, ದಿಂಡಿಗ, ಮತ್ತಿಗಳು ಎಲೆ ಉದುರಿಸಿ ನಿಂತಿರುತ್ತವೆ. ಬೆಂಕಿಗೆ ಮೊದಲೇ ಅಂಕಿ ತಳ ಮುಟ್ಟಿರುವಾಗ ಇನ್ನೆಷ್ಟು ಕುಸಿದೀತು? ಇನ್ನು ನವೆಂಬರಿನ ಹಸಿರು ಚಿತ್ರಕ್ಕೆ ಹೋಲಿಸಿದರೆ, ತಾನಾಗಿ ಉದುರಿದ ಎಲೆಯೂ ಕಿಚ್ಚಿನ ಲೆಕ್ಕಕ್ಕೆ ಸೇರುತ್ತದೆ. ಹೋಲಿಸಬೇಕಾದದ್ದು ಬೆಂಕಿಗೆ ತೀರಾ ಹಿಂದಿನ ಚಿತ್ರವನ್ನು, ಇಲ್ಲವೇ ಹಿಂದಿನ ವರ್ಷ ಅದೇ ವಾರದ್ದನ್ನು. ಅಷ್ಟಾದರೂ ನೆಲದ ಹುಲ್ಲು, ತರಗೆಲೆ ಮಾತ್ರ ಸುಟ್ಟು, ದಪ್ಪ ತೊಗಟೆಯ ಮರ ಬದುಕಿದೆಯೇ ಎಂಬುದು ಹೆಚ್ಚು ಹಾನಿಯೆಂದು ನಕ್ಷೆ ತೋರಿಸುವ ಕೆಂಪು ಬಣ್ಣದಿಂದ ತಿಳಿಯದು.

ಮಳೆ ಬಿದ್ದ ಮೇಲಿನ ಹಸಿರು ನಕ್ಷೆ ಇನ್ನೂ ಮೋಸದ್ದು. ಸುಟ್ಟ ಬುಡದಿಂದ ಲಂಟಾನ ಬಹುಬೇಗ ಚಿಗುರಿ ಹಬ್ಬುತ್ತದೆ. ಉಪಗ್ರಹಕ್ಕೆ ಅದೂ ಹಸಿರೇ. ಆದರೆ ಜಿಂಕೆ, ಕಡವೆಗಳು ಮೇಯಬೇಕಾದ ಹುಲ್ಲು ಅದರಡಿಯಲ್ಲಿ ಉಸಿರುಗಟ್ಟಿರುತ್ತದೆ. ಕೀ ಮತ್ತು ಬೆನ್ಸನ್ ಅವರಾದರೋ ನಕ್ಷೆಯ ಜೊತೆಗೇ ಒಂದು ನೆಲದ ಪರೀಕ್ಷೆಯನ್ನೂ ಸೇರಿಸಿದ್ದರು: ಕಾಡಿನಲ್ಲಿ ತುಣುಕು ತುಣುಕು ಜಾಗ ಆರಿಸಿಕೊಂಡು, ನೆಲದಿಂದ ಮರದ ನೆತ್ತಿಯವರೆಗೆ ಪ್ರತಿ ಹಂತದಲ್ಲೂ ಎಷ್ಟು ಸುಟ್ಟಿದೆ, ಏನು ಚಿಗುರಿದೆ ಎಂದು ಅಂಕ ಕೊಡುತ್ತ ಹೋಗುವುದು. ಪಟ್ಟಿಯನ್ನು ಎರವಲು ತಂದವರು ಬಹಳ ಸಲ ಈ ಭಾಗವನ್ನು ಅಲ್ಲೇ ಬಿಟ್ಟು ಬರುತ್ತಾರೆ.