ಸೊಂಟದ ನೋವಿಗೆ ಕಣ್ಣಿಗೆ ಕಟ್ಟುವ ಮದ್ದು

ಮಂಡ್ಯದ ಹತ್ತಿರ ನಮ್ಮೂರಲ್ಲಿ ನಾಟಿ ಮುಗಿದ ವಾರ ಯಾರ ಮನೆಗೆ ಹೋದರೂ ಎಣ್ಣೆಯ ವಾಸನೆ, ಬಿಸಿನೀರಿನ ಶಾಖ. ದಿನವಿಡೀ ಬಗ್ಗಿ ಪೈರು ನೆಟ್ಟವರ ಸೊಂಟ ಹಿಡಿದಿರುತ್ತದೆ. ಹೆಚ್ಚಿನವರದು ಕೆಲವು ವಾರದಲ್ಲಿ ಸರಿಹೋಗುತ್ತದೆ. ನಮ್ಮ ದೊಡ್ಡಮ್ಮನದು ಎರಡು ವರ್ಷವಾದರೂ ಹೋಗಿಲ್ಲ. ಸ್ಕ್ಯಾನ್‌ನಲ್ಲಿ ದೊಡ್ಡದೇನೂ ಕಾಣಲಿಲ್ಲ. "ಹಂಗಾರೆ ನಾನು ಸುಳ್ಳು ಹೇಳ್ತಾ ಇದೀನಾ?" ಎಂದು ಕೇಳಿದ್ದರು.

ಸುಳ್ಳಲ್ಲ. ಪೆಟ್ಟು ಮಾಗಿದ ಮೇಲೂ ನೋವು ಉಳಿಯಬಹುದು. ಒಮ್ಮೆ ಕಳ್ಳ ಬಂದು ಹೋದ ತೋಟದ ನಾಯಿ ಆಮೇಲೆ ತೆಂಗಿನ ಗರಿ ಅಲುಗಿದರೂ ಬೊಗಳುತ್ತದೆ, ಅಲ್ವಾ? ಮೂರು ತಿಂಗಳು ದಾಟಿದ ನೋವಿನಲ್ಲಿ ಮಿದುಳು, ನರಗಳು ಹಾಗೇ ಆಗಿರಬಹುದು. ಸಣ್ಣ ಎಳೆತಕ್ಕೂ ಕೂಗು. ಭಯ, ನಿದ್ದೆಗೇಡು ಅದನ್ನು ಇನ್ನೂ ಜಾಸ್ತಿ ಮಾಡುತ್ತವೆ.

ಈ ನಾಯಿಯನ್ನು ಸಮಾಧಾನ ಮಾಡಲು ಅಮೆರಿಕದಲ್ಲಿ ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಲೋಕದೊಳಗೇ ಇದ್ದಂತೆ ಕಾಣಿಸುವ ತಂತ್ರ, ಬಳಸುತ್ತಿದ್ದಾರೆ. ಈಸ್‌ವಿಆರ್‌ಎಕ್ಸ್ ಎಂಬ ಸಾಧನಕ್ಕೆ ಅಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2021ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ಡಾಕ್ಟರ ಚೀಟಿ ಬೇಕು. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಮನೆಯಲ್ಲೇ 8 ವಾರ, ಒಟ್ಟು 56 ಪಾಠ. ಒಂದೊಂದೂ 2ರಿಂದ 16 ನಿಮಿಷ. ಬಿಟ್ಟ ಉಸಿರು ಹೆಡ್‌ಸೆಟ್‌ನ ಮೈಕ್‌ಗೆ ಮುಟ್ಟುವಂತೆ ಒಂದು ಪುಟ್ಟ ಜೋಡಣೆ ಇದೆ. ಅದರಿಂದ ನಿಧಾನವಾಗಿ, ಆಳವಾಗಿ ಉಸಿರಾಡುವುದನ್ನು ಕಲಿಸುತ್ತಾರೆ. ನೋವಿನ ಬಗ್ಗೆ ತಿಳಿವಳಿಕೆ, ಗಮನವನ್ನು ಬೇರೆಡೆ ಹೊರಳಿಸುವ ಅಭ್ಯಾಸವೂ ಉಂಟು.

ಸುಮ್ನೆ ಚಂದದ ಚಿತ್ರ ನೋಡಿ ನೋವು ಮರೆಯುವುದಲ್ಲವೇ ಇದು ಎಂದು ನನಗೂ ಅನ್ನಿಸಿತ್ತು. ಪರೀಕ್ಷೆ ಮಾಡಿದವರು ಇದನ್ನು ಯೋಚಿಸಿಯೇ ಇದ್ದರು. 179 ಜನರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಹೆಡ್‌ಸೆಟ್ ಕೊಟ್ಟರು. ಒಂದು ಗುಂಪಿಗೆ ಮಾತ್ರ ಈ ಕಲಿಕೆ, ಇನ್ನೊಂದಕ್ಕೆ ಟಿವಿಯಲ್ಲಿ ಕಾಣುವಂಥ ಮಾಮೂಲಿ ಚಪ್ಪಟೆ ದೃಶ್ಯಗಳು. ನೋವು ಶೇ. 30ಕ್ಕಿಂತ ಹೆಚ್ಚು ಇಳಿಯಿತು ಎಂದವರು ಕಲಿತವರಲ್ಲಿ ಶೇ. 66, ಬರೀ ನೋಡಿದವರಲ್ಲಿ ಶೇ. 41. ಬರೀ ನೋಡಿದವರಿಗೂ ಅಷ್ಟು ಹಗುರಾಗಿದ್ದು ಸಣ್ಣ ಮಾತಲ್ಲ. ಆದರೆ ನಡುವಿನ ಆ ಅಂತರ ಬರೀ ನೋಡಿದ್ದರಿಂದ ಬಂದದ್ದಲ್ಲ. ಕೆಲವರಿಗೆ ಹೆಡ್‌ಸೆಟ್ ಹಿಂಸೆಯಾಯಿತು, ಕೆಲವರಿಗೆ ವಾಕರಿಕೆ ಬಂತು. ಗಂಭೀರ ತೊಂದರೆ ಕಾಣಲಿಲ್ಲ.

ಎಲ್ಲ ಸೊಂಟ ನೋವಿಗೂ ಇದು ಮದ್ದಲ್ಲ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದೊಡ್ಡಮ್ಮನಿಗೆ ತೋಟದ ನಾಯಿಯ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನೋವು ನಿಜ ಅಂತ ಅವರೂ ಒಪ್ಪವ್ರೆ" ಎಂದರು. ಆಮೇಲೆ ಉಸಿರಾಡುವುದನ್ನು ತೋರಿಸು ಎಂದು ಜಗಲಿ ಮೇಲೆ ಕೂತರು.