ಸ್ಪ್ಲಿಟ್ ಟನಲ್: ವಿಪಿಎನ್ ಕನೆಕ್ಟ್ ಆದರೂ ಜರ್ನಲ್ ತೆರೆಯದಿರುವುದೇಕೆ?

ಹೊರಗಿನಿಂದಲೂ ಕ್ಯಾಂಪಸ್ಸಿನ ಜಾಲಕ್ಕೆ ಸೇರಿಕೊಳ್ಳಲು ನೆರವಾಗುವ ವಿಶ್ವವಿದ್ಯಾಲಯದ ವಿಪಿಎನ್ ಅನ್ನು ಲ್ಯಾಪ್‌ಟಾಪಿನಲ್ಲಿ ಸಿದ್ಧಪಡಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಕಂಪ್ಯೂಟರ್ ಕೇಂದ್ರದವರು ಹೇಳಿದ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, ಸರ್ವರ್ ವಿಳಾಸ ತುಂಬಿ, ಪಾಸ್‌ವರ್ಡ್ ಮತ್ತು ಒಟಿಪಿ ಕೊಟ್ಟರೆ ‘ಕನೆಕ್ಟೆಡ್’ ಎಂದು ಬರುತ್ತದೆ. ವಿದ್ಯಾರ್ಥಿಗಳು ತಬ್ಬಿಬ್ಬಾಗುವುದು ಆನಂತರ. ಲ್ಯಾಬಿನ ಸರ್ವರಿಗೆ ಲಾಗಿನ್ ಆಗುತ್ತದೆ, ಕ್ಯಾಂಪಸ್ಸಿನ ಒಳಗಷ್ಟೇ ಸಿಗುವ ಪುಟಗಳೂ ತೆರೆದುಕೊಳ್ಳುತ್ತವೆ. ಗ್ರಂಥಾಲಯವೇ ಚಂದಾ ಕಟ್ಟಿರುವ ಜರ್ನಲಿನ ಪ್ರಬಂಧ ಮಾತ್ರ ಹಣ ಕೇಳುತ್ತದೆ. ಇದರ ಹಿಂದೆ ಬಹಳ ಸಲ ಇರುವುದು ಸ್ಪ್ಲಿಟ್ ಟನಲ್ ಎಂಬ ಏರ್ಪಾಡು.

ವಿಪಿಎನ್ ಚಾಲೂ ಆದಾಗ ಲ್ಯಾಪ್‌ಟಾಪಿಗೂ ವಿಶ್ವವಿದ್ಯಾಲಯದ ಸರ್ವರಿಗೂ ನಡುವೆ ಎನ್‌ಕ್ರಿಪ್ಟ್ ಆದ ದಾರಿಯೊಂದು ಏರ್ಪಡುತ್ತದೆ. ಅದನ್ನೇ ಟನಲ್ ಎನ್ನುತ್ತಾರೆ. ಯಾವ ವಿಳಾಸಕ್ಕೆ ಹೋಗುವ ಮಾಹಿತಿ ಈ ದಾರಿ ಹಿಡಿಯಬೇಕು, ಯಾವುದು ಮನೆಯ ಬ್ರಾಡ್‌ಬ್ಯಾಂಡ್ ಮೂಲಕ ನೇರವಾಗಿ ಹೊರಗೆ ಹೋಗಬೇಕು ಎಂಬುದನ್ನು ಲ್ಯಾಪ್‌ಟಾಪಿನ ರೂಟಿಂಗ್ ಟೇಬಲ್ ತೀರ್ಮಾನಿಸುತ್ತದೆ. ಎಲ್ಲವೂ ಟನಲ್ ಮೂಲಕವೇ ಸಾಗಿದರೆ ಅದು ಫುಲ್ ಟನಲ್. ಕ್ಯಾಂಪಸ್ಸಿನ ವಿಳಾಸಗಳಿಗೆ ಹೋಗುವಷ್ಟು ಮಾತ್ರ ಸಾಗಿದರೆ ಸ್ಪ್ಲಿಟ್ ಟನಲ್.

ಪ್ರಕಾಶಕರ ಜಾಲತಾಣಗಳು ಚಂದಾದಾರ ಸಂಸ್ಥೆಯನ್ನು ಹೆಚ್ಚಾಗಿ ಗುರುತಿಸುವುದು ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ಟಿನಲ್ಲಿ ಸಂಪರ್ಕವೊಂದನ್ನು ಗುರುತಿಸುವ ಸಂಖ್ಯೆಯಿಂದ. ವಿಶ್ವವಿದ್ಯಾಲಯ ತನ್ನ ಸಾರ್ವಜನಿಕ ಐಪಿ ವಿಳಾಸಗಳನ್ನು ಪ್ರಕಾಶಕರಿಗೆ ಮೊದಲೇ ತಿಳಿಸಿರುತ್ತದೆ. ಅವುಗಳಿಂದ ಬಂದ ಕೋರಿಕೆಗೆ ಪ್ರಬಂಧ ಸಿಗುತ್ತದೆ. ಆದರೆ ಜರ್ನಲಿನ ಸರ್ವರ್ ಕ್ಯಾಂಪಸ್ಸಿನಲ್ಲಿಲ್ಲ. ಹಾಗಾಗಿ ರಜೆಗೆಂದು ಶಿರಸಿಗೆ ಹೋದ ಸಂಶೋಧನಾ ವಿದ್ಯಾರ್ಥಿನಿಯ ಕೋರಿಕೆ ಸ್ಪ್ಲಿಟ್ ಟನಲಿನಲ್ಲಿ ಬೆಂಗಳೂರಿನ ತನ್ನ ವಿಶ್ವವಿದ್ಯಾಲಯವನ್ನು ಮುಟ್ಟುವುದೇ ಇಲ್ಲ. ಪ್ರಕಾಶಕರಿಗೆ ಕಾಣುವುದು ಮನೆಯ ಐಪಿ ವಿಳಾಸ.

ಹಾಗೆಂದು ಸ್ಪ್ಲಿಟ್ ಟನಲ್ ಇಟ್ಟವರನ್ನು ದೂರುವುದು ನ್ಯಾಯವಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ತರಗತಿಗಳೆಲ್ಲ ಮನೆಗೆ ಬಂದಾಗ, ಫುಲ್ ಟನಲಿನಲ್ಲಿ ಪ್ರತಿಯೊಬ್ಬರ ವಿಡಿಯೊ ಕರೆಯೂ ಸಂಸ್ಥೆಯ ಸರ್ವರಿಗೆ ಹೋಗಿ ಅಲ್ಲಿಂದ ಮತ್ತೆ ಹೊರಗೆ ಹೋಗಬೇಕಾಗುತ್ತಿತ್ತು. ಆ ಹೊರೆ ಇಳಿಸಲು ಸ್ಪ್ಲಿಟ್ ಟನಲ್ ಸಮಂಜಸವಾದ ದಾರಿಯೇ. ಬಳಸುವವರ ಖಾಸಗಿತನಕ್ಕೂ ಇದರಿಂದ ಒಳಿತಿದೆ, ಏಕೆಂದರೆ ಫುಲ್ ಟನಲಿನಲ್ಲಿ ನೀವು ಯಾವ ಜಾಲತಾಣಗಳಿಗೆ ಹೋಗುತ್ತೀರಿ ಎಂಬುದನ್ನು ಸಂಸ್ಥೆಯ ಜಾಲ ನೋಡಬಲ್ಲದು. ಆದರೆ ತಾವು ಕೊಟ್ಟಿರುವುದು ಯಾವ ಬಗೆಯ ಟನಲ್ ಎಂದು ಸೂಚನಾ ಪತ್ರದಲ್ಲಿ ಒಂದು ಸಾಲು ಬರೆಯುವುದು ಕಂಪ್ಯೂಟರ್ ಕೇಂದ್ರದ ಹೊಣೆ ಎಂದೇ ನನ್ನ ಅಭಿಪ್ರಾಯ.

ನಿಮ್ಮದು ಯಾವುದೆಂದು ತಿಳಿಯಲು, ವಿಪಿಎನ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಬ್ರೌಸರಿನಲ್ಲಿ ನಿಮ್ಮ ಐಪಿ ವಿಳಾಸವನ್ನು ಹುಡುಕಿ ನೋಡಿ. ಎರಡೂ ಸಲ ಅದೇ ಬಂದರೆ ಸ್ಪ್ಲಿಟ್ ಟನಲ್ ಎಂದೇ ತಿಳಿಯಬಹುದು. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಬಳಸುವವರು ಅದರ ಕಾನ್ಫಿಗ್ ಫೈಲಿನಲ್ಲಿ ‘ಅಲೌಡ್ ಐಪೀಸ್’ (AllowedIPs) ಎಂಬ ಸಾಲನ್ನು ನೋಡಬೇಕು: 10.0.0.0/8 ಎಂದು ಮಾತ್ರ ಇದ್ದರೆ 10ರಿಂದ ಆರಂಭವಾಗುವ ಒಳ ವಿಳಾಸಗಳಷ್ಟೇ ಟನಲಿಗೆ ಹೋಗುತ್ತವೆ; 0.0.0.0/0 ಎಂದಿದ್ದರೆ ಐಪಿವಿ4ರ ಎಲ್ಲ ವಿಳಾಸಗಳೂ ಹೋಗುತ್ತವೆ. ಈ ಸಾಲನ್ನು ನೀವೇ ತಿದ್ದಲು ಹೋಗಬೇಡಿ. ಹೊರಗಿನ ಜಾಲತಾಣಗಳ ಕೋರಿಕೆಯನ್ನು ಮುಂದಕ್ಕೆ ಕಳಿಸಲು ಆ ಕಡೆಯ ಸರ್ವರೂ ಸಿದ್ಧವಿರಬೇಕು. ಇಲ್ಲದಿದ್ದರೆ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ಟೇ ನಿಂತುಹೋಗುತ್ತದೆ. ಫುಲ್ ಟನಲ್ ಪ್ರೊಫೈಲ್ ಬೇರೆ ಇದೆಯೇ ಎಂದು ಕಂಪ್ಯೂಟರ್ ಕೇಂದ್ರವನ್ನು ಕೇಳುವುದೇ ಸರಿ.

ಅದು ಸಿಗದಿದ್ದರೆ ಗ್ರಂಥಾಲಯವನ್ನು ವಿಚಾರಿಸಬಹುದು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಯುಜಿಸಿಯ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಎಂಬ ಲಾಗಿನ್ ವ್ಯವಸ್ಥೆಯಲ್ಲಿ ನಿಮ್ಮ ಸಂಸ್ಥೆ ಸೇರಿದ್ದರೆ, ಪ್ರಕಾಶಕರ ಪುಟದಲ್ಲಿ ಸಂಸ್ಥೆಯ ಹೆಸರನ್ನು ಆರಿಸಿ ಲಾಗಿನ್ ಆಗಬಹುದು. ಅಲ್ಲಿ ಗುರುತು ಹಿಡಿಯುವುದು ನಿಮ್ಮ ಖಾತೆಯನ್ನು, ಐಪಿ ವಿಳಾಸವನ್ನಲ್ಲ. ಆದ್ದರಿಂದ ವಿಪಿಎನ್ ಇಲ್ಲದೆಯೂ ಪ್ರಬಂಧ ತೆರೆಯುತ್ತದೆ.